ಅಳಿಸುವ ಆಟಗಳು: ವಿಡಿಯೋ ಗೇಮ್‌ಗಳು ಕಥೆ ಹೇಳತೊಡಗಿದ್ದರ ಕಾರಣ ಮತ್ತು ಪರಿಣಾಮ

ವಿಡಿಯೋ ಗೇಮ್‌ಗಳ ಬಗ್ಗೆ 2025ರಲ್ಲಿ ಬಂದ ಎರಡು ಸುದ್ದಿಗಳು ಒಂದಕ್ಕೊಂದು ತಾಳೆಯಾಗುವಂತೆ ಕಾಣುವುದಿಲ್ಲ. ಆಗಸ್ಟ್ ತಿಂಗಳಲ್ಲಿ ಸಂಸತ್ತು ಆನ್‌ಲೈನ್ ಗೇಮ್‌ಗಳ ಕುರಿತು ಕಠಿಣ ಕಾಯ್ದೆಯೊಂದನ್ನು ಅಂಗೀಕರಿಸಿತು. ಮನೆಮನೆಗಳಲ್ಲಿ ಅದು ‘ಗೇಮ್ ಬ್ಯಾನ್’ ಎಂದೇ ಚರ್ಚೆಯಾಯಿತು. ಡಿಸೆಂಬರ್‌ನಲ್ಲಿ ಫ್ರಾನ್ಸಿನ ಮೊಂಪೆಲಿಯೆ ನಗರದ ಒಂದು ಸಣ್ಣ ಸ್ಟುಡಿಯೋ ರೂಪಿಸಿದ ‘ಕ್ಲೇರ್ ಒಬ್ಸ್‌ಕ್ಯೂರ್: ಎಕ್ಸ್‌ಪೆಡಿಷನ್ 33’ ಎಂಬ ಆಟವು ‘ದಿ ಗೇಮ್ ಅವಾರ್ಡ್ಸ್’ ಸಮಾರಂಭದಲ್ಲಿ ವರ್ಷದ ಅತ್ಯುತ್ತಮ ಆಟದ ಗೌರವವೂ ಸೇರಿ ಒಂಬತ್ತು ಪ್ರಶಸ್ತಿಗಳನ್ನು ಪಡೆಯಿತು. ವರ್ಷಕ್ಕೊಮ್ಮೆ ಒಂದು ಸಂಖ್ಯೆ ಬರೆಯಲ್ಪಡುವ, ಆ ವಯಸ್ಸಿನವರೆಲ್ಲ ಒಮ್ಮೆಗೇ ಕಣ್ಮರೆಯಾಗುವ ಊರಿನ ಕಥೆ ಅದು. ಸಾವು ಮತ್ತು ಶೋಕ ಅದರ ವಸ್ತು. ಆಡಿದವರು ಅದರ ಬಗ್ಗೆ ಮಾತನಾಡುವಾಗ ಗೆದ್ದ ಲೆಕ್ಕ ಹೇಳುವುದಿಲ್ಲ. ಅತ್ತ ಸಂಗತಿಯನ್ನು ಹೇಳುತ್ತಾರೆ.

ಮೈಸೂರಿನ ಕುವೆಂಪುನಗರದಲ್ಲಿಯೋ ಮಂಡ್ಯದ ವಿದ್ಯಾನಗರದಲ್ಲಿಯೋ ಹರೆಯದ ಮಕ್ಕಳಿರುವ ಒಂದು ಮನೆಯವರು ಈ ಎರಡೂ ಸುದ್ದಿಗಳನ್ನು ಓದಿದರೆ ಗೊಂದಲಗೊಳ್ಳುವುದು ಸಹಜ. ಸರ್ಕಾರ ತಡೆಯಲು ಹೊರಟಿರುವುದನ್ನೇ ಜಗತ್ತು ಕಲೆಯೆಂದು ಸನ್ಮಾನಿಸುತ್ತಿದೆಯೇ? ಪರದೆಯ ಮುಂದೆ ಕುಳಿತ ಮಗ ಅಥವಾ ಮಗಳು ಅಲ್ಲಿ ಅನುಭವಿಸುತ್ತಿರುವುದು ಚಟವೋ, ಕಥೆಯೋ? ಇದಕ್ಕೆ ಉತ್ತರ ಹುಡುಕಬೇಕಾದರೆ ಮೊದಲು ಕಾಯ್ದೆಯನ್ನೂ ಕಲೆಯನ್ನೂ ಬೇರ್ಪಡಿಸಿ ನೋಡಬೇಕು.

ಕಾಯ್ದೆ ತಡೆದಿರುವುದು ಏನನ್ನು

2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಆನ್‌ಲೈನ್ ಗೇಮಿಂಗ್ ಉತ್ತೇಜನ ಮತ್ತು ನಿಯಂತ್ರಣ ಕಾಯ್ದೆಯು ಆನ್‌ಲೈನ್ ಆಟಗಳನ್ನು ಇ-ಸ್ಪೋರ್ಟ್ಸ್ (ಸ್ಪರ್ಧೆಯಾಗಿ ಆಡುವ ವಿಡಿಯೋ ಗೇಮ್), ಸಾಮಾಜಿಕ ಆಟ ಮತ್ತು ಹಣದ ಆಟ ಎಂದು ವಿಂಗಡಿಸುತ್ತದೆ. ಇವುಗಳಲ್ಲಿ ನಿಷೇಧಕ್ಕೆ ಒಳಗಾದದ್ದು ಮೂರನೆಯದು ಮಾತ್ರ; ಅಂದರೆ, ಗೆದ್ದರೆ ಹಣ ಸಿಗುತ್ತದೆಂಬ ನಿರೀಕ್ಷೆಯಲ್ಲಿ ಹಣ ಕಟ್ಟಿ ಆಡುವ ಆಟ. ಅಂಥ ಆಟವನ್ನು ಒದಗಿಸುವವರಿಗೆ ಮೂರು ವರ್ಷಗಳವರೆಗೆ ಸೆರೆವಾಸ, ಒಂದು ಕೋಟಿ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶವಿದೆ. ಒಮ್ಮೆ ಬೆಲೆ ತೆತ್ತು ಕೊಳ್ಳುವ ಅಥವಾ ಚಂದಾ ಕಟ್ಟಿ ಆಡುವ ಆಟ, ಆ ಮೊತ್ತ ಪಣವಲ್ಲದಿದ್ದರೆ, ಹಣದ ಆಟವಾಗುವುದಿಲ್ಲ. ಇಂಟರ್‌ನೆಟ್ ಸಂಪರ್ಕವಿಲ್ಲದೆ ಒಬ್ಬರೇ ಕುಳಿತು ಆಡುವ ಕಥನಪ್ರಧಾನ ಆಟಗಳಿಗಂತೂ ಈ ಕಾಯ್ದೆಯ ಬಿಸಿ ತಟ್ಟುವುದೇ ಇಲ್ಲ.

ಕರ್ನಾಟಕದ ಓದುಗರಿಗೆ ಗೊಂದಲ ಹೆಚ್ಚಾಗಲು ಇನ್ನೊಂದು ಕಾರಣವಿದೆ. ರಾಜ್ಯ ಸರ್ಕಾರವೇ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣದ ಆಟಗಳನ್ನು ತಡೆಯಲು ಯತ್ನಿಸಿತ್ತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಅಂಶಗಳನ್ನು ರದ್ದುಪಡಿಸಿತು. ಹೀಗೆ ಕೆಲವೇ ವರ್ಷಗಳಲ್ಲಿ ನಿಷೇಧ, ರದ್ದು, ಮತ್ತೆ ನಿಷೇಧ ಎಂದು ಶೀರ್ಷಿಕೆಗಳು ಬದಲಾಗುತ್ತ ಹೋದವು. ಈ ಎಲ್ಲ ವ್ಯಾಜ್ಯ ಜೂಜಿಗೂ ಕೌಶಲಕ್ಕೂ ಇರುವ ಗೆರೆಯನ್ನು ಕುರಿತದ್ದು. ಕಥೆ ಹೇಳುವ ಆಟಗಳು ಆ ವ್ಯಾಜ್ಯದಲ್ಲಿ ಎಂದೂ ಕಕ್ಷಿದಾರರಾಗಿರಲಿಲ್ಲ.

ಗಂಜೀಫಾ ಮತ್ತು ಪರಮಪದ

ಆಟದೊಳಗೆ ಕಥೆ ಇರುವುದು ಮೈಸೂರು ಸೀಮೆಗೆ ಹೊಸತಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ‘ಕೌತುಕನಿಧಿ’ ಎಂಬುದು ಆಟಗಳಿಗೇ ಮೀಸಲಾದದ್ದು. ಇಸ್ಪೀಟಿನಂಥ ಎಲೆಯಾಟವಾದ ದಶಾವತಾರ ಗಂಜೀಫಾದಲ್ಲಿ ಹತ್ತು ಅವತಾರಗಳಿಗೆ ತಲಾ ಹನ್ನೆರಡರಂತೆ 120 ಎಲೆಗಳಿರುತ್ತವೆ. ಶ್ರೀರಂಗಪಟ್ಟಣದ ಗಂಜೀಫಾ ರಘುಪತಿ ಭಟ್ಟರು ಆ ಚಿತ್ರಕಲೆಯನ್ನು ನಮ್ಮ ಕಾಲದವರೆಗೂ ಜೀವಂತವಾಗಿರಿಸಿದ್ದಾರೆ. ಆದರೆ ಗಂಜೀಫಾ ಆಡುವಾಗ ಮತ್ಸ್ಯನೋ ವಾಮನನೋ ಎಲೆಯ ಮೇಲಿನ ಚಿತ್ರವಾಗಿ ಇರುತ್ತಾನೆಯೇ ಹೊರತು, ಅವನ ಕಥೆ ಆಟದ ಗತಿಯನ್ನು ನಿರ್ಧರಿಸುವುದಿಲ್ಲ. ಚಿತ್ರ ಬದಲಿಸಿದರೂ ಆಟ ನಡೆಯುತ್ತದೆ.

ಪರಮಪದ ಸೋಪಾನ ಪಟದ ಸಂಗತಿ ಬೇರೆ. ಅಲ್ಲಿ ಏಣಿ ಸದ್ಗುಣ, ಹಾವು ದುರ್ಗುಣ. ಬಹಳ ಮೇಲೆ ಏರಿದವನು ಒಂದು ದೋಷದಿಂದ ಬುಡಕ್ಕೆ ಬೀಳುತ್ತಾನೆಂಬ ಅರ್ಥವನ್ನು ಪಟ ಬಾಯಿಬಿಟ್ಟು ಹೇಳುವುದಿಲ್ಲ, ಆಡುವವರಿಗೆ ಆ ಪತನದ ನಿರಾಸೆಯನ್ನೇ ಅನುಭವಕ್ಕೆ ತರುತ್ತದೆ. ಇಲ್ಲಿ ಅರ್ಥ ಇರುವುದು ನಿಯಮದೊಳಗೆ.

ಇಂದಿನ ಗೇಮ್‌ಗಳ ಭಾವುಕತೆಯನ್ನು ಕುರಿತ ಬಹುತೇಕ ವಾದಗಳು ಈ ಎರಡರ ನಡುವಿನ ಅಂತರವನ್ನು ಗಮನಿಸದೆ ಹೋಗುತ್ತವೆ. ಆಟದ ಮೇಲೆ ಹೊದಿಸಿದ ಕಥೆ ಒಂದು ಬಗೆ, ಆಟದ ನಿಯಮದಿಂದಲೇ ಹುಟ್ಟುವ ಕಥೆ ಇನ್ನೊಂದು ಬಗೆ. ಸಿನಿಮಾದಂಥ ದೃಶ್ಯವೈಭವ ಮೊದಲನೆಯದನ್ನು ಮೆರೆಸುತ್ತದೆ. ಆದರೆ ಆಟ ಮುಗಿದ ಎಷ್ಟೋ ದಿನಗಳ ನಂತರವೂ ಉಳಿಯುವ ಭಾವ ಹೆಚ್ಚಾಗಿ ಬರುವುದು ಎರಡನೆಯದರಿಂದ.

ಸಿನಿಮಾ ಆಟದೊಳಗೆ ಬಂದದ್ದು ಹೇಗೆ

ಮೊದಲ ಕಾರಣ ತೀರ ಲೌಕಿಕವಾದದ್ದು: ಜಾಗ. 1990ರ ದಶಕದವರೆಗೆ ಆಟಗಳು ಬರುತ್ತಿದ್ದ ಕಾರ್ಟ್ರಿಜ್‌ಗಳಲ್ಲಿ ಕೆಲವೇ ಮೆಗಾಬೈಟ್‌ಗಳಷ್ಟು ಮಾಹಿತಿ ಹಿಡಿಯುತ್ತಿತ್ತು. 1994ರಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಸೋನಿ ಪ್ಲೇಸ್ಟೇಷನ್ ಎಂಬ ಆಟದ ಯಂತ್ರ ಸಿ.ಡಿ.ಯನ್ನು ಬಳಸಿತು, ಒಂದೊಂದರಲ್ಲೂ 650 ಮೆಗಾಬೈಟ್‌ಗಳಷ್ಟು ಸ್ಥಳವಿತ್ತು. ಚಲಿಸುವ ಚಿತ್ರ, ಧ್ವನಿಮುದ್ರಿತ ಸಂಭಾಷಣೆ, ವಾದ್ಯವೃಂದದ ಸಂಗೀತ ಇವೆಲ್ಲಕ್ಕೂ ಒಮ್ಮೆಗೇ ಬಾಗಿಲು ತೆರೆಯಿತು. 1997ರ ‘ಫೈನಲ್ ಫ್ಯಾಂಟಸಿ 7’ ಮೂರು ಸಿ.ಡಿ.ಗಳಲ್ಲಿ ಬಂದಿತು. ಆಟಗಾರ ಹತ್ತಾರು ಗಂಟೆ ಜೊತೆಗಿಟ್ಟುಕೊಂಡು ಬೆಳೆಸಿದ ಏರಿತ್ ಎಂಬ ಪಾತ್ರ ಅದರ ನಡುವೆಯೇ ಸಾಯುತ್ತದೆ, ಮತ್ತೆ ಬದುಕಿ ಬರುವುದಿಲ್ಲ. ಸೋತರೆ ಮತ್ತೆ ಆಡಬಹುದು ಎಂಬ ನೆಮ್ಮದಿಗೆ ಒಗ್ಗಿದ್ದ ಒಂದು ಪೀಳಿಗೆಗೆ ಸರಿಪಡಿಸಲಾಗದ ನಷ್ಟವೂ ಆಟದಲ್ಲಿ ಇರಬಲ್ಲದು ಎಂದು ತೋರಿಸಿದ ಪ್ರಸಂಗ ಅದು. ಮರುವರ್ಷ ಬಂದ ಹಿಡಿಯೋ ಕೊಜಿಮಾ ಅವರ ‘ಮೆಟಲ್ ಗೇರ್ ಸಾಲಿಡ್’ ಕ್ಯಾಮೆರಾದ ಕೋನ, ಸಂಕಲನ, ದೀರ್ಘ ಸಂಭಾಷಣೆಗಳನ್ನು ಸಿನಿಮಾದಿಂದ ನೇರವಾಗಿ ತೆಗೆದುಕೊಂಡಿತು.

ಎರಡನೆಯ ಕಾರಣ ಅಭಿನಯ. ಮೈಗೆ ಗುರುತುಗಳನ್ನು ಅಂಟಿಸಿದ ಬಿಗಿ ಉಡುಪು ತೊಟ್ಟು, ಮುಖದ ಮುಂದೆ ಪುಟ್ಟ ಕ್ಯಾಮೆರಾ ಕಟ್ಟಿಕೊಂಡು ನಟರು ಖಾಲಿ ರಂಗದಲ್ಲಿ ಅಭಿನಯಿಸಿದರೆ, ಅವರ ನಡಿಗೆ, ಹುಬ್ಬಿನ ಚಲನೆ, ತುಟಿಯ ನಡುಕ ಎಲ್ಲವೂ ಪರದೆಯ ಪಾತ್ರಕ್ಕೆ ಸೇರುತ್ತವೆ. ಪರ್ಫಾರ್ಮೆನ್ಸ್ ಕ್ಯಾಪ್ಚರ್ ಎನ್ನುವ ಈ ವಿಧಾನ ಬರುವ ಮೊದಲು ಪಾತ್ರಗಳು ದುಃಖವನ್ನು ಬಾಯಿಮಾತಿನಲ್ಲಿ ಹೇಳಿಕೊಳ್ಳಬೇಕಿತ್ತು. ಈಗ ಮೌನವಾಗಿಯೂ ಇರಬಲ್ಲವು. ಇದರ ಜೊತೆಗೆ, ಕಥಾದೃಶ್ಯಗಳನ್ನೂ ಆಟವನ್ನೂ ಒಂದೇ ತಂತ್ರಾಂಶ ಆಡುವ ಹೊತ್ತಿನಲ್ಲೇ ಚಿತ್ರಿಸುವ ಸಾಮರ್ಥ್ಯ ಬಂದದ್ದರಿಂದ, ‘ಈಗ ಸಿನಿಮಾ, ಈಗ ಆಟ’ ಎಂಬ ಹೊಲಿಗೆ ಮರೆಯಾಗತೊಡಗಿತು. 2018ರ ‘ಗಾಡ್ ಆಫ್ ವಾರ್’ ಇಡೀ ಕಥೆಯನ್ನು ಕ್ಯಾಮೆರಾ ಎಲ್ಲಿಯೂ ತುಂಡಾಗದ ಒಂದೇ ದೃಶ್ಯದಂತೆ ಹೇಳಿತು.

ಮೂರನೆಯದು ವಯಸ್ಸು. ಬಾಲ್ಯದಲ್ಲಿ ಈ ಆಟಗಳನ್ನಾಡಿದವರೇ ಈಗ ಅವುಗಳನ್ನು ರಚಿಸುವವರು. ಅವರಿಗೆ ಮಕ್ಕಳಾಗಿವೆ, ಹೆತ್ತವರು ತೀರಿಕೊಂಡಿದ್ದಾರೆ. ಶತ್ರುವನ್ನು ಕೊಂದು ಮುಂದೆ ಹೋಗುವುದಷ್ಟೇ ಸಾಲದು ಎಂದು ಅವರಿಗೆ ಅನ್ನಿಸಿದ್ದು ಸಹಜ. ಮಗಳನ್ನು ಕಳೆದುಕೊಂಡ ತಂದೆಯ ಕಥೆಯಾದ ‘ದಿ ಲಾಸ್ಟ್ ಆಫ್ ಅಸ್’ 2013ರಲ್ಲಿ ಬಂದಿತು, 2023ರಲ್ಲಿ ಎಚ್‌ಬಿಒ ವಾಹಿನಿಯ ಧಾರಾವಾಹಿಯಾಯಿತು. ಆಟವನ್ನೇ ಆಡದ ಲಕ್ಷಾಂತರ ಜನ ಆ ಕಥೆಯನ್ನು ನೋಡಿದರು. ಅದೇ ವರ್ಷ ಗ್ರ್ಯಾಮಿ ಪ್ರಶಸ್ತಿಗಳಲ್ಲಿ ವಿಡಿಯೋ ಗೇಮ್ ಸಂಗೀತಕ್ಕೇ ಪ್ರತ್ಯೇಕ ವಿಭಾಗ ಆರಂಭವಾಯಿತು.

ಕಣ್ಣೀರು ಬರಿಸುವುದು ಚಿತ್ರವೋ, ಬೆರಳೋ

2013ರಲ್ಲಿಯೇ ಬಂದ, ‘ಬ್ರದರ್ಸ್: ಎ ಟೇಲ್ ಆಫ್ ಟೂ ಸನ್ಸ್’ ಎಂಬ ಸಣ್ಣ ಆಟವೊಂದು ಈ ಪ್ರಶ್ನೆಗೆ ಅತ್ಯಂತ ಸ್ಪಷ್ಟವಾದ ಉತ್ತರ ಕೊಡುತ್ತದೆ. ಅದರ ಅಂತ್ಯವನ್ನು ಹೇಳದೆ ಈ ಮಾತನ್ನು ವಿವರಿಸಲಾಗದು. ಆಟದಲ್ಲಿ ಇಬ್ಬರು ಅಣ್ಣತಮ್ಮಂದಿರು. ಕೈಯಲ್ಲಿ ಹಿಡಿದು ಆಡುವ ಕಂಟ್ರೋಲರ್‌ನ ಎಡಭಾಗ ಅಣ್ಣನದು, ಬಲಭಾಗ ತಮ್ಮನದು. ನೀರೆಂದರೆ ಹೆದರುವ ತಮ್ಮ ಹೊಳೆ ದಾಟುವಾಗಲೆಲ್ಲ ಅಣ್ಣನ ಬೆನ್ನಿಗೆ ಅಂಟಿಕೊಂಡಿರುತ್ತಾನೆ. ಕೊನೆಯಲ್ಲಿ ಅಣ್ಣ ಸಾಯುತ್ತಾನೆ. ತಮ್ಮ ಒಬ್ಬನೇ ಹೊಳೆಯ ಮುಂದೆ ನಿಲ್ಲುತ್ತಾನೆ. ಅವನ ಗುಂಡಿಯನ್ನು ಎಷ್ಟು ಒತ್ತಿದರೂ ನೀರಿಗಿಳಿಯುವುದಿಲ್ಲ. ಅಷ್ಟು ಹೊತ್ತಿನಿಂದ ಸುಮ್ಮನಿದ್ದ ಎಡಗೈಯ ಬೆರಳಿನಿಂದ, ಅಂದರೆ ಸತ್ತುಹೋದ ಅಣ್ಣನ ಗುಂಡಿಯನ್ನು ಒತ್ತಿದಾಗ, ಅವನು ಈಜುತ್ತಾನೆ.

ಇದನ್ನು ಸಿನಿಮಾ ಮಾಡಲಾಗದು. ಅಗಲಿದವರ ಬಲ ಉಳಿದವರೊಳಗೆ ಇರುತ್ತದೆ ಎಂಬ ಮಾತನ್ನು ಸಿನಿಮಾ ಸಂಭಾಷಣೆಯಲ್ಲಿ ಹೇಳಬಹುದು, ಹಿನ್ನೆಲೆ ಸಂಗೀತದಲ್ಲಿ ಸೂಚಿಸಬಹುದು. ಆದರೆ ಪ್ರೇಕ್ಷಕನ ಸ್ವಂತ ಕೈಯೇ ಅದನ್ನು ಕಂಡುಕೊಳ್ಳುವಂತೆ ಮಾಡಲು ಅದಕ್ಕೆ ಸಾಧ್ಯವಿಲ್ಲ. ಈ ಲೇಖನದ ಮುಖ್ಯ ವಾದ ಇಷ್ಟೇ: ಗೇಮ್‌ನ ಭಾವುಕತೆ ಅದರ ಗಟ್ಟಿ ನೆಲೆಯಲ್ಲಿ ಹುಟ್ಟುವುದು ಹೊಣೆಗಾರಿಕೆಯಿಂದ. ಕಥೆಯಲ್ಲಿ ಆದದ್ದು ನನ್ನ ಕಣ್ಣೆದುರು ಆಯಿತು ಎನ್ನುವುದಕ್ಕೂ ನನ್ನ ಕೈಯಿಂದ ಆಯಿತು ಎನ್ನುವುದಕ್ಕೂ ಇರುವ ವ್ಯತ್ಯಾಸವೇ ಈ ಮಾಧ್ಯಮದ ಸ್ವಂತ ಆಸ್ತಿ.

ಒಬ್ಬ ಗಡಿ ತಪಾಸಣಾ ಗುಮಾಸ್ತನ ಮೇಜಿನ ಮುಂದೆ ಆಟಗಾರನನ್ನು ಕೂರಿಸುವ, 2013ರ ‘ಪೇಪರ್ಸ್, ಪ್ಲೀಸ್’ ಆಟದಲ್ಲಿ ಸಿನಿಮಾದ ಹೊಳಪು ಎಳ್ಳಷ್ಟೂ ಇಲ್ಲ. ಬಣ್ಣಗೆಟ್ಟ ಚಿತ್ರಗಳು, ರಹದಾರಿ ಪತ್ರಗಳು, ಮುದ್ರೆ. ಕಾಗದ ಸರಿಯಿಲ್ಲದ ಹೆಂಗಸನ್ನು ಗಂಡನ ಬಳಿಗೆ ಬಿಟ್ಟರೆ ಸಂಬಳ ಕಡಿತವಾಗುತ್ತದೆ. ಸಂಬಳ ಕಡಿತವಾದರೆ ಮನೆಯಲ್ಲಿ ಮಗುವಿಗೆ ಔಷಧವಿಲ್ಲ. ಕರುಣೆಗೆ ಬೆಲೆಯುಂಟು ಎಂಬುದನ್ನು ಲೆಕ್ಕದ ಮೂಲಕವೇ ಅರಿವಿಗೆ ತರುವ ಈ ಆಟವನ್ನು ಬಹುಮಟ್ಟಿಗೆ ಲೂಕಸ್ ಪೋಪ್ ಎಂಬ ಒಬ್ಬರೇ ರಚಿಸಿದರು.

ಆಕ್ಷೇಪಗಳು ಮತ್ತು ಅವುಗಳ ತೂಕ

ಅಮೆರಿಕದ ಚಲನಚಿತ್ರ ವಿಮರ್ಶಕ ರೋಜರ್ ಈಬರ್ಟ್ ಅವರು ವಿಡಿಯೋ ಗೇಮ್‌ಗಳು ಎಂದಿಗೂ ಕಲೆಯಾಗಲಾರವು ಎಂದು 2010ರಲ್ಲಿ ವಾದಿಸಿದ್ದರು. ಗೆಲುವು, ನಿಯಮ, ಅಂಕಗಳಿರುವುದು ಆಟವೇ ಹೊರತು ಕಲೆಯಲ್ಲ ಎಂಬುದು ಅವರ ನಿಲುವಿನ ಸಾರ. ಮರುವರ್ಷ ಅಮೆರಿಕದ ಸುಪ್ರೀಂ ಕೋರ್ಟ್, ಕ್ಯಾಲಿಫೋರ್ನಿಯಾದ ಕಾನೂನೊಂದನ್ನು ರದ್ದುಗೊಳಿಸುತ್ತ, ಪುಸ್ತಕ, ನಾಟಕ, ಚಲನಚಿತ್ರಗಳಂತೆಯೇ ಗೇಮ್‌ಗಳೂ ವಿಚಾರಗಳನ್ನು ತಿಳಿಸುತ್ತವೆ, ಆದ್ದರಿಂದ ಅವಕ್ಕೂ ಅಭಿವ್ಯಕ್ತಿ ಸ್ವಾತಂತ್ರ್ಯದ ರಕ್ಷಣೆಯಿದೆ ಎಂದಿತು. 2012ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವು 14 ಗೇಮ್‌ಗಳನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಿತು. ಕಲೆಯೋ ಅಲ್ಲವೋ ಎಂಬ ಪ್ರಶ್ನೆ ಅಲ್ಲಿಗೆ ಬಹುಮಟ್ಟಿಗೆ ತೀರ್ಮಾನವಾಯಿತೆಂದೇ ಹೇಳಬಹುದು.

ಹೆಚ್ಚು ಗಂಭೀರವಾದ ಆಕ್ಷೇಪ ಬಂದಿರುವುದು ಹೊರಗಿನವರಿಂದಲ್ಲ, ಆಟವನ್ನು ಪ್ರೀತಿಸುವವರಿಂದಲೇ. ದೊಡ್ಡ ಸ್ಟುಡಿಯೋಗಳು ಸಿನಿಮಾವಾಗುವ ಆಸೆಯಲ್ಲಿ ಆಟವನ್ನು ಮರೆತಿವೆ ಎಂಬುದು ಅವರ ದೂರು. ಕಟ್‌ಸೀನ್ (ಆಟದ ನಡುವೆ ಬರುವ, ಸುಮ್ಮನೆ ನೋಡಬೇಕಾದ ಕಥಾದೃಶ್ಯ) ಬಂದಾಗ ಆಟಗಾರ ಕಂಟ್ರೋಲರ್ ಕೆಳಗಿಟ್ಟು ಪ್ರೇಕ್ಷಕನಾಗುತ್ತಾನೆ. ಅದು ಮುಗಿದಾಗ ಮತ್ತೆ ನೂರಾರು ಜನರನ್ನು ಕೊಲ್ಲುತ್ತಾನೆ. ಮುಂದಿನ ಕಟ್‌ಸೀನ್‌ನಲ್ಲಿ ಅದೇ ನಾಯಕ ಒಂದು ಸಾವಿಗಾಗಿ ಕಣ್ಣೀರಿಡುತ್ತಾನೆ. ಕಥೆ ಹೇಳುವುದೊಂದು, ಕೈ ಮಾಡುವುದೊಂದು. ಈ ಬಿರುಕನ್ನು ಕೆನಡಾದ ವಿನ್ಯಾಸಕಾರ ಕ್ಲಿಂಟ್ ಹಾಕಿಂಗ್ 2007ರಲ್ಲಿಯೇ ಗುರುತಿಸಿ ಬರೆದರು, ಇಂದಿಗೂ ಅದು ಪೂರ್ತಿ ಮುಚ್ಚಿಲ್ಲ. ಈ ದೂರಿನಲ್ಲಿ ಸತ್ಯಾಂಶ ಬಹಳವಿದೆ.

ಆದರೆ ಬಿರುಕನ್ನೇ ವಸ್ತುವಾಗಿಸಿದ ಪ್ರಯತ್ನಗಳೂ ಇವೆ. 2020ರ ‘ದಿ ಲಾಸ್ಟ್ ಆಫ್ ಅಸ್ ಭಾಗ 2’ ಮೊದಲರ್ಧದಲ್ಲಿ ಆಟಗಾರನಿಗೆ ಒಬ್ಬಳ ಮೇಲೆ ಕಡುದ್ವೇಷ ಹುಟ್ಟಿಸಿ, ಆಮೇಲೆ ಅವಳ ಪಾತ್ರವನ್ನೇ ಅವನ ಕೈಗೆ ಕೊಡುತ್ತದೆ. ದ್ವೇಷಿಸಿದವಳ ಕಣ್ಣಿನಿಂದ ಅವಳ ತಂದೆಯನ್ನು, ಗೆಳೆಯರನ್ನು, ಭಯಗಳನ್ನು ಕಾಣಬೇಕಾಗುತ್ತದೆ. ಅನೇಕರು ಇದನ್ನು ಈ ಮಾಧ್ಯಮದ ಮಹತ್ತ್ವದ ಸಾಹಸವೆಂದರು. ಇನ್ನು ಕೆಲವರು ಬಿಡುಗಡೆಯ ಬೆನ್ನಲ್ಲೇ ಸೊನ್ನೆ ಅಂಕಗಳ ಸುರಿಮಳೆಗರೆದರು. ಆ ಪಾತ್ರಕ್ಕೆ ಧ್ವನಿ ನೀಡಿದ ನಟಿಗೆ ಕೊಲೆ ಬೆದರಿಕೆಗಳು ಬಂದವು. ಅಷ್ಟು ಆಳಕ್ಕೆ ಇಳಿಯಬಲ್ಲ ಕಥೆ ಅನುಕಂಪವನ್ನೇ ಹುಟ್ಟಿಸುತ್ತದೆಂಬ ಭರವಸೆ ಇಟ್ಟುಕೊಳ್ಳಲಾಗದು ಎಂಬುದಕ್ಕೆ ಅದು ನೋವಿನ ಪುರಾವೆ.

ಎಂದೂ ಮುಗಿಯದ ಆಟ, ಮುಗಿಯುವ ಆಟ

ಹೆತ್ತವರ ಆತಂಕವನ್ನು ಹಗುರಾಗಿ ಕಾಣಬಾರದು. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ವರ್ಗೀಕರಣದ ಹನ್ನೊಂದನೆಯ ಆವೃತ್ತಿ 2022ರಲ್ಲಿ ಜಾರಿಗೆ ಬಂದಾಗ ಗೇಮಿಂಗ್ ವ್ಯಸನಕ್ಕೆ ಅದರಲ್ಲಿ ಸ್ಥಾನ ದೊರೆತಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ‘ಶಟ್’ ಎಂಬ ಹೆಸರಿನ ಚಿಕಿತ್ಸಾಲಯ 2014ರಿಂದಲೇ ಇಂಥವರಿಗೆ ನೆರವಾಗುತ್ತಿದೆ. ಆಟದ ಮೇಲೆ ಹತೋಟಿ ತಪ್ಪುವುದು, ಓದು, ಊಟ, ನಿದ್ರೆಗಿಂತ ಅದೇ ಮುಖ್ಯವಾಗುವುದು, ಹಾನಿ ಕಂಡರೂ ನಿಲ್ಲಿಸಲಾಗದಿರುವುದು ಇವು ಲಕ್ಷಣಗಳು. ಇವು ಸಾಮಾನ್ಯವಾಗಿ ಹನ್ನೆರಡು ತಿಂಗಳು ಕಂಡುಬಂದರೆ ಮಾತ್ರ ಅದನ್ನು ವ್ಯಸನವೆನ್ನುತ್ತಾರೆ.

ಇಲ್ಲಿ ಗಮನಿಸಬೇಕಾದದ್ದು ಆಟದ ವ್ಯಾಪಾರದ ಬಗೆ. ಮೊಬೈಲಿನಲ್ಲಿ ಉಚಿತವಾಗಿ ಸಿಗುವ ಆಟಗಳಿಗೆ ಕೊನೆಯೆಂಬುದಿಲ್ಲ. ಆಟಗಾರ ಪ್ರತಿದಿನ ಬರಬೇಕು, ಬಂದಾಗ ಬಟ್ಟೆಯೋ ಬಂದೂಕಿನ ಬಣ್ಣವೋ ಕೊಳ್ಳಬೇಕು. ಅದರಿಂದಲೇ ಕಂಪನಿಗೆ ವರಮಾನ. ಆದ್ದರಿಂದ ದಿನದ ಬಹುಮಾನ, ಕೆಲವು ವಾರಗಳಿಗಷ್ಟೇ ಸಿಗುವ ಬಹುಮಾನಗಳ ಪಟ್ಟಿ, ಗೆಳೆಯರ ಕರೆ ಎಲ್ಲವನ್ನೂ ಬಿಟ್ಟುಹೋಗದಂತೆ ರೂಪಿಸಲಾಗುತ್ತದೆ. ಕಥನಪ್ರಧಾನ ಆಟವನ್ನು ಒಮ್ಮೆ ಬೆಲೆ ಕೊಟ್ಟು ಕೊಂಡ ಮೇಲೆ, ಹತ್ತು ಗಂಟೆಯಲ್ಲಿಯೋ ಐವತ್ತು ಗಂಟೆಯಲ್ಲಿಯೋ ಅದು ಮುಗಿಯುತ್ತದೆ. ಹೀಗೆಂದಮಾತ್ರಕ್ಕೆ ಕಥೆಯ ಆಟಗಳೆಲ್ಲ ಮಕ್ಕಳಿಗೆ ತಕ್ಕವು ಎಂದಲ್ಲ. ಅವುಗಳಲ್ಲಿ ಹಲವು ಹದಿನೆಂಟು ದಾಟಿದವರಿಗೆ ಮಾತ್ರ ಎಂದು ಪೊಟ್ಟಣದ ಮೇಲೆಯೇ ನಮೂದಾಗಿರುತ್ತವೆ; ಹಿಂಸೆಯ ದೃಶ್ಯ ಎಷ್ಟು ನೈಜವೋ ಅಷ್ಟು ಎಚ್ಚರವೂ ಬೇಕು. ‘ಎಷ್ಟು ಹೊತ್ತು ಆಡುತ್ತೀಯ’ ಎಂಬುದರ ಜೊತೆಗೆ ‘ಯಾವುದನ್ನು ಆಡುತ್ತಿದ್ದೀಯ, ಅದು ಎಲ್ಲಿಗೆ ಮುಗಿಯುತ್ತದೆ’ ಎಂದು ಕೇಳುವ ಮನೆಗೆ ಹೆಚ್ಚು ಉಪಯುಕ್ತ ಉತ್ತರ ಸಿಗುತ್ತದೆ.

ಇನ್ನೊಂದು ವಾಸ್ತವವನ್ನೂ ಹೇಳಬೇಕು. 2025ರಲ್ಲಿ ಪ್ಲೇಸ್ಟೇಷನ್ 5 ಕೊಳ್ಳಲು ₹55,000ದ ಆಸುಪಾಸು, ಒಂದು ದೊಡ್ಡ ಹೊಸ ಆಟಕ್ಕೆ ₹5,000ದ ಆಸುಪಾಸು ತೆರಬೇಕಾಗಿದ್ದ ದೇಶದಲ್ಲಿ, ಅನೇಕ ಯುವಜನರಿಗೆ ಈ ಕಥೆಗಳು ತಲುಪುವುದು ಬೇರೆಯವರು ಆಡಿದ್ದನ್ನು ಯೂಟ್ಯೂಬಿನಲ್ಲಿ ನೋಡುವ ಮೂಲಕ. ನೋಡಿದವರಿಗೆ ಅದರ ಸಿನಿಮಾ ದಕ್ಕುತ್ತದೆ, ಹೊಣೆಗಾರಿಕೆ ದಕ್ಕುವುದಿಲ್ಲ. ಗೇಮ್ ಎಂದರೆ ಉದ್ದನೆಯ ಸಿನಿಮಾ ಎಂಬ ತಪ್ಪು ಕಲ್ಪನೆ ನಮ್ಮಲ್ಲಿ ಬಲಿಯಲು ಇದೂ ಒಂದು ಕಾರಣ.

ಸಾವಿರಾರು ಕೋಟಿಯ ಭಾರ

ಮೈಕ್ರೊಸಾಫ್ಟ್ ಸಂಸ್ಥೆ ಹಾಗೂ ಅಮೆರಿಕದ ವ್ಯಾಪಾರ ಆಯೋಗದ ನಡುವಿನ ಮೊಕದ್ದಮೆಯಲ್ಲಿ 2023ರಲ್ಲಿ ಸಲ್ಲಿಕೆಯಾದ ದಾಖಲೆಗಳಿಂದ, ‘ದಿ ಲಾಸ್ಟ್ ಆಫ್ ಅಸ್ ಭಾಗ 2’ಕ್ಕೆ 22 ಕೋಟಿ ಡಾಲರ್, ಅಂದರೆ ಆಗಿನ ದರದಲ್ಲಿ ಸುಮಾರು ₹1,800 ಕೋಟಿ ವೆಚ್ಚವಾಗಿತ್ತೆಂಬುದು ಬಯಲಾಯಿತು. ಅಷ್ಟು ಹಣ ಹೂಡಿದವರು ಸೋಲುವಂತಿಲ್ಲ. ಆದ್ದರಿಂದ ಹೊಸ ಕಥೆಗಿಂತ ಗೆದ್ದ ಕಥೆಯ ಮುಂದಿನ ಭಾಗ, ಅದಕ್ಕಿಂತ ಹಳೆಯ ಆಟದ ಮರುರೂಪ ಸುರಕ್ಷಿತವೆನ್ನಿಸುತ್ತದೆ. ಒಂದೊಂದು ಆಟಕ್ಕೆ ಐದಾರು ವರ್ಷ ಹಿಡಿಯುತ್ತದೆ. ನಡುವೆ ಮಾರುಕಟ್ಟೆ ಕುಗ್ಗಿದರೆ ಮೊದಲ ಪೆಟ್ಟು ನೌಕರರಿಗೆ. 2024ರ ಮೊದಲೆರಡು ತಿಂಗಳಲ್ಲಿಯೇ ಮೈಕ್ರೊಸಾಫ್ಟ್ ತನ್ನ ಗೇಮ್ ವಿಭಾಗದಿಂದ 1,900 ಮಂದಿಯನ್ನು, ಸೋನಿ ತನ್ನ ಪ್ಲೇಸ್ಟೇಷನ್ ವಿಭಾಗದಿಂದ ಸುಮಾರು 900 ಮಂದಿಯನ್ನು ಕೆಲಸದಿಂದ ತೆಗೆದವು.

ಈ ಹಿನ್ನೆಲೆಯಲ್ಲಿ ಸುಮಾರು 30 ಜನರ ಮೂಲ ತಂಡ, ಹೊರಗಿನ ಹಲವರ ನೆರವಿನಿಂದ ಕಟ್ಟಿದ ‘ಎಕ್ಸ್‌ಪೆಡಿಷನ್ 33’ರ ಯಶಸ್ಸು ಉದ್ಯಮವನ್ನು ಬೆಚ್ಚಿಬೀಳಿಸಿತು. ಸಿದ್ಧವಾಗಿ ಸಿಗುವ ಅನ್‌ರಿಯಲ್ ಎಂಜಿನ್ ಎಂಬ ಆಟ ಕಟ್ಟುವ ತಂತ್ರಾಂಶ ಬಳಸಿ, ದೊಡ್ಡ ಸಂಸ್ಥೆಗಳ ವೆಚ್ಚದ ಸಣ್ಣ ಪಾಲಿನಲ್ಲಿ ಅದೇ ಮಟ್ಟದ ದೃಶ್ಯ ಮತ್ತು ಭಾವವನ್ನು ತರಬಹುದೆಂದು ಅದು ತೋರಿಸಿತು. ಆದರೆ ಅದೇ ಆಟದ ಸುತ್ತ ಇನ್ನೊಂದು ವಿವಾದವೂ ಎದ್ದಿತು. ತಯಾರಿಕೆಯ ಹಂತದಲ್ಲಿ ಕೃತಕ ಬುದ್ಧಿಮತ್ತೆಯಿಂದ ತಯಾರಿಸಿದ ಕೆಲವು ತಾತ್ಕಾಲಿಕ ಚಿತ್ರಗಳನ್ನು ಬಳಸಲಾಗಿತ್ತೆಂಬ ಕಾರಣಕ್ಕೆ ‘ಇಂಡಿ ಗೇಮ್ ಅವಾರ್ಡ್ಸ್’ ತಾನು ಅದಕ್ಕೆ ನೀಡಿದ್ದ ಪ್ರಶಸ್ತಿಗಳನ್ನು ಹಿಂಪಡೆಯಿತು. ಅಮೆರಿಕದ ನಟರ ಸಂಘ ಸ್ಯಾಗ್-ಆಫ್ಟ್ರಾ 2024ರ ಜುಲೈನಲ್ಲಿ ಗೇಮ್ ಕಂಪನಿಗಳ ವಿರುದ್ಧ ಮುಷ್ಕರ ಹೂಡಿದ್ದಕ್ಕೂ ಮುಖ್ಯ ಕಾರಣ ಇದೇ: ನಟರ ಒಮ್ಮೆ ಮುದ್ರಿಸಿದ ಧ್ವನಿ ಮತ್ತು ಚಲನೆಯನ್ನು ಅವರ ಒಪ್ಪಿಗೆಯಿಲ್ಲದೆ ಯಂತ್ರ ಮರುಸೃಷ್ಟಿಸಬಹುದೆಂಬ ಭಯ. ಸುಮಾರು ಒಂದು ವರ್ಷದ ನಂತರ, 2025ರ ಜುಲೈನಲ್ಲಿ, ಒಪ್ಪಿಗೆ ಮತ್ತು ಸಂಭಾವನೆಯ ಷರತ್ತುಗಳಿರುವ ಒಪ್ಪಂದಕ್ಕೆ ನಟರು ಅನುಮೋದನೆ ನೀಡಿದರು. ಪಾತ್ರದ ಅಳು ನಿಜವಾಗಿ ಯಾರದೋ ಅಳು ಎಂಬ ಕಾರಣಕ್ಕೇ ನಾವು ಕರಗುತ್ತೇವೆ. ಆ ಮನುಷ್ಯನನ್ನು ಬಿಟ್ಟು ಅಳುವನ್ನು ಮಾತ್ರ ಇಟ್ಟುಕೊಳ್ಳುವುದು ನ್ಯಾಯವಲ್ಲ.

ಕನ್ನಡದ ಪಾಲು ಎಲ್ಲಿದೆ

ದೇಶದ ಮೊದಲ ಗೇಮ್ ಸ್ಟುಡಿಯೋಗಳಲ್ಲೊಂದಾದ ಧ್ರುವ ಇಂಟರ್‌ಆಕ್ಟಿವ್ 1997ರಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲಿ. ಜಗತ್ತಿನ ಹೆಸರಾಂತ ಆಟಗಳ ಮರ, ಕಾರು, ಕಟ್ಟಡಗಳನ್ನು ಇಲ್ಲಿನ ಕಲಾವಿದರು ಎರಡು ದಶಕಗಳಿಂದ ಚಿತ್ರಿಸಿಕೊಟ್ಟಿದ್ದಾರೆ. ಕೈ ನಮ್ಮದಿದೆ, ಕಥೆ ನಮ್ಮದಲ್ಲ. ಮೇಲೆ ಹೆಸರಿಸಿದ ದೊಡ್ಡ ಆಟಗಳಲ್ಲಿ ಒಂದಕ್ಕೂ ಕನ್ನಡದ ಅಡಿಬರಹ ಇಲ್ಲ. ಹುಣಸೂರಿನ ಅಥವಾ ಮದ್ದೂರಿನ ವಿದ್ಯಾರ್ಥಿ ಇಂಗ್ಲಿಷಿನಲ್ಲಿ ಎಷ್ಟು ಅರ್ಥವಾಗುತ್ತದೋ ಅಷ್ಟರಲ್ಲಿ ಮಾತ್ರ ಅವುಗಳ ದುಃಖವನ್ನು ಪಡೆದುಕೊಳ್ಳಬೇಕು.

ಇದಕ್ಕೆ ಮಾರುಕಟ್ಟೆ ಚಿಕ್ಕದೆಂಬುದು ಒಂದು ಕಾರಣ. ಲಿಪಿಯ ತೊಡಕು ಇನ್ನೊಂದು, ಮತ್ತು ಇದರ ಬಗ್ಗೆ ಚರ್ಚೆಯಾಗಿರುವುದು ಕಡಿಮೆ. ಕನ್ನಡದ ಒತ್ತಕ್ಷರಗಳು ಅಕ್ಷರದ ಪಕ್ಕದಲ್ಲಿ ಸಾಲಾಗಿ ಕೂರುವುದಿಲ್ಲ, ಕೆಳಗೆ ಸೇರಿಕೊಳ್ಳುತ್ತವೆ; ಅದಕ್ಕಾಗಿ ತಂತ್ರಾಂಶವು ಅಕ್ಷರಗಳ ಗುಂಪನ್ನು ಓದಿ ರೂಪ ಕಟ್ಟಬೇಕು. ಬಹಳ ಬಳಕೆಯಲ್ಲಿರುವ ಯೂನಿಟಿ ಎಂಜಿನ್‌ನ ಸಾಮಾನ್ಯ ಪಠ್ಯ ವ್ಯವಸ್ಥೆ ಈ ಕೆಲಸವನ್ನು ಸರಿಯಾಗಿ ಮಾಡದೆ, ‘ಅಮ್ಮ’ ಎಂಬ ಪದವೂ ಮುರಿದು ಕಾಣುವ ಪರಿಸ್ಥಿತಿ ಇತ್ತು. 2023ರಲ್ಲಿ ಬಿಡುಗಡೆಯಾದ, ಉಚಿತವೂ ಮುಕ್ತವೂ ಆದ ಗೊಡೋ 4 ಎಂಜಿನ್ ಸಂಕೀರ್ಣ ಲಿಪಿಗಳನ್ನು ತಾನಾಗಿಯೇ ಸರಿಯಾಗಿ ಮೂಡಿಸುತ್ತದೆ. ಕನ್ನಡದಲ್ಲಿ ಸಣ್ಣ ಕಥನ ಆಟ ಮಾಡಲು ಹೊರಟವರಿಗೆ ಇದು ದೊಡ್ಡ ಅಡ್ಡಿಯೊಂದನ್ನು ನಿವಾರಿಸಿದೆ.

ನಮ್ಮ ನೆರೆಯ ಭಾಷೆಯ ಬದುಕು ಈ ಮಾಧ್ಯಮವನ್ನು ಆಗಲೇ ಪ್ರವೇಶಿಸಿದೆ. ಕೆನಡಾಕ್ಕೆ ವಲಸೆಹೋದ ತಮಿಳು ಕುಟುಂಬವೊಂದರ ಕಥೆಯನ್ನು, ಅಳಿಸಿಹೋದ ಅಡುಗೆ ಪುಸ್ತಕದ ಪಾಕಗಳನ್ನು ಆಟಗಾರನಿಂದಲೇ ಮತ್ತೆ ಕೂಡಿಸಿ ಇಡ್ಲಿ, ಬಿರಿಯಾನಿ ಮಾಡಿಸುವ ಮೂಲಕ ಹೇಳುವ ‘ವೆಣ್ಬಾ’ 2023ರಲ್ಲಿ ಬಂದು, ಮರುವರ್ಷ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿ ಪಡೆಯಿತು. ಅದರಲ್ಲಿ ಯುದ್ಧವಿಲ್ಲ, ಭಾರಿ ವೆಚ್ಚವೂ ಇಲ್ಲ.

ಮೈಸೂರು, ಮಂಡ್ಯದಲ್ಲಿ ಇದರಿಂದ ಏನಾಗಬಹುದು

ಕರ್ನಾಟಕದ 2024–29ರ ಎವಿಜಿಸಿ-ಎಕ್ಸ್‌ಆರ್ ನೀತಿಯು ಅನಿಮೇಷನ್, ಗೇಮಿಂಗ್ ಮುಂತಾದ ಕ್ಷೇತ್ರಗಳಲ್ಲಿ 30,000 ಉದ್ಯೋಗಗಳ ಗುರಿ ಇಟ್ಟುಕೊಂಡಿದೆ. ಆದಾಯದ ಬಹುಭಾಗ ರಫ್ತಿನಿಂದ ಬರಬೇಕೆಂಬುದೂ ಅದರ ಆಶಯ. ರಫ್ತೇ ಅಳತೆಗೋಲಾದರೆ ಹೊರದೇಶದವರ ಆಟಕ್ಕೆ ಬಿಡಿಭಾಗ ಮಾಡಿಕೊಡುವ ಕೆಲಸವೇ ಹೆಚ್ಚುತ್ತದೆ. ಆ ದಾರಿ ಎಷ್ಟು ಜಾರು ಎಂಬುದನ್ನು 2025ರ ಫೆಬ್ರುವರಿಯಲ್ಲಿ ದೃಶ್ಯಪರಿಣಾಮಗಳನ್ನು ರೂಪಿಸುವ ಟೆಕ್ನಿಕಲರ್ ಸಂಸ್ಥೆ ಬೆಂಗಳೂರು, ಮುಂಬೈಗಳ ತನ್ನ ಘಟಕಗಳನ್ನು ದಿಢೀರನೆ ಮುಚ್ಚಿದಾಗ ಅಲ್ಲಿನ ಸಾವಿರಾರು ಕಲಾವಿದರು ಕಂಡರು. ಕಥೆಯ ಒಡೆತನ ಇಲ್ಲದವರಿಗೆ ಕೆಲಸದ ಮೇಲಿನ ಒಡೆತನವೂ ಇರುವುದಿಲ್ಲ.

ಮೈಸೂರಿನಲ್ಲಿ ಬೇಕಾದ ಬಿಡಿ ಶಕ್ತಿಗಳೆಲ್ಲ ಇವೆ. 1989ರಲ್ಲಿ ಆರಂಭವಾದ ರಂಗಾಯಣದಲ್ಲಿ ದೇಹಭಾಷೆಯಲ್ಲಿ ಪಳಗಿದ ನಟರಿದ್ದಾರೆ. ಖಾಲಿ ರಂಗದಲ್ಲಿ, ಪರಿಕರವಿಲ್ಲದೆ ಅಭಿನಯಿಸುವುದು ಅವರಿಗೆ ಅಭ್ಯಾಸವಾದ ಕೆಲಸ, ಪರ್ಫಾರ್ಮೆನ್ಸ್ ಕ್ಯಾಪ್ಚರ್ ಬೇಡುವುದೂ ಅದನ್ನೇ. ಕಾವಾ ದೃಶ್ಯಕಲಾ ಕಾಲೇಜಿನಲ್ಲಿ ಚಿತ್ರಕಾರರಿದ್ದಾರೆ, ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಪ್ರೋಗ್ರಾಂ ಬರೆಯುವವರಿದ್ದಾರೆ, 1969ರಿಂದ ಭಾರತೀಯ ಭಾಷಾ ಸಂಸ್ಥಾನ ಇದೇ ಊರಿನಲ್ಲಿದೆ. ಇವರನ್ನು ಒಂದು ಮೇಜಿನ ಸುತ್ತ ಕೂರಿಸುವ ವ್ಯವಸ್ಥೆ ಮಾತ್ರ ಇಲ್ಲ.

ಎಂಥ ಕಥೆ ಎಂಬುದಕ್ಕೂ ದೂರ ಹೋಗಬೇಕಿಲ್ಲ. ಆಟಗಾರ ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗದ ಒಬ್ಬ ನೀರುಗಂಟಿ ಎಂದು ಕಲ್ಪಿಸಿಕೊಳ್ಳಬಹುದು. 124.80 ಅಡಿ ಗರಿಷ್ಠ ಮಟ್ಟದ ಕೃಷ್ಣರಾಜಸಾಗರ ದಿನದಿಂದ ದಿನಕ್ಕೆ ಇಳಿಯುತ್ತಿದೆ. ನಾಲೆಗೆ ಕಟ್ಟು ಪದ್ಧತಿಯಲ್ಲಿ ನೀರು ಬರುತ್ತದೆ, ಅಂದರೆ ಕೆಲವು ದಿನ ಹರಿದು ಕೆಲವು ದಿನ ನಿಲ್ಲುತ್ತದೆ. ತೂಬನ್ನು ಯಾರ ಕಡೆಗೆ ಎಷ್ಟು ಹೊತ್ತು ಎತ್ತಬೇಕೆಂಬುದು ಆಟಗಾರನ ಕೈಯಲ್ಲಿದೆ. ಒಂದು ಕಡೆ ತೆನೆ ಕಟ್ಟುವ ಹೊತ್ತಿನ ಚಿಕ್ಕಪ್ಪನ ಭತ್ತ, ಇನ್ನೊಂದು ಕಡೆ ಸಾಲ ಮಾಡಿ ಗುತ್ತಿಗೆಗೆ ಹಿಡಿದವಳ ಒಣಗುತ್ತಿರುವ ಕಬ್ಬು. ‘ಇನ್ನೊಂದ್ ಗಳ್ಗೆ ನೀರ್ ಬುಡು ಮಗಾ’ ಎಂದು ಬದುವಿನ ಮೇಲೆ ನಿಂತು ಕೇಳುವವರ ಮುಖ ನೋಡಿಕೊಂಡೇ ತೂಬು ಇಳಿಸಬೇಕು. ಇದಕ್ಕೆ ₹1,800 ಕೋಟಿ ಬೇಡ. ಸ್ಫೋಟವಾಗಲಿ, ಹಾರುವ ಕ್ಯಾಮೆರಾವಾಗಲಿ ಬೇಡ. ನೀರಿನ ಲೆಕ್ಕ ನಿಖರವಾಗಿರಬೇಕು, ಮಾತು ಮಂಡ್ಯದ್ದಾಗಿರಬೇಕು, ಯಾವ ಆಯ್ಕೆಯೂ ಪೂರ್ತಿ ಸರಿಯಾಗಿರಬಾರದು.

ಮೈಸೂರು ಬಳಿಯ ಹಿಮ್ಮಾವಿನಲ್ಲಿ 150 ಎಕರೆಯಲ್ಲಿ, ಖಾಸಗಿ ಸಹಭಾಗಿತ್ವದಲ್ಲಿ ₹500 ಕೋಟಿ ವೆಚ್ಚದ ಚಿತ್ರನಗರಿ ನಿರ್ಮಿಸುವುದಾಗಿ 2025–26ರ ರಾಜ್ಯ ಬಜೆಟ್ ಹೇಳಿದೆ. ಅದು ಚಿತ್ರೀಕರಣದ ಅಂಗಳಗಳಿಗೆ ಸೀಮಿತವಾದರೆ ಗೇಮ್ ರಚನೆಕಾರರಿಗೆ ಅದರಿಂದ ಆಗುವ ಪ್ರಯೋಜನ ಸ್ವಲ್ಪವೇ. ನಟರ ಚಲನೆ ಮತ್ತು ಮುಖಭಾವ ಹಿಡಿಯುವ ಒಂದು ಸ್ಟುಡಿಯೋ, ಧ್ವನಿಮುದ್ರಣದ ಕೊಠಡಿಗಳು, ಐದಾರು ಜನರ ತಂಡಗಳು ಕಡಿಮೆ ಬಾಡಿಗೆಗೆ ಅವುಗಳನ್ನು ಬಳಸುವ ಅವಕಾಶ ಇವಿಷ್ಟನ್ನು ಯೋಜನೆಯ ಹಂತದಲ್ಲಿಯೇ ಸೇರಿಸಿದರೆ, ಚಿತ್ರರಂಗಕ್ಕೂ ಅವು ಬೇಕಾಗುವುದರಿಂದ ಹೆಚ್ಚಿನ ಹೊರೆಯಾಗದು. ಕಟ್ಟಡ ಎದ್ದ ಮೇಲೆ ಸೇರಿಸುವುದು ದುಬಾರಿ. ನಟರ ಧ್ವನಿ ಮತ್ತು ಚಲನೆಯ ಮರುಬಳಕೆಗೆ ಅವರ ಲಿಖಿತ ಒಪ್ಪಿಗೆ ಬೇಕೆಂಬ ಷರತ್ತನ್ನೂ ಅಲ್ಲಿನ ಬಾಡಿಗೆ ಕರಾರಿನಲ್ಲಿ ಮೊದಲ ದಿನದಿಂದಲೇ ಸೇರಿಸಬಹುದು. ಅದಕ್ಕೆ ಹೊಸ ಕಾನೂನಿಗಾಗಿ ಕಾಯಬೇಕಾಗಿಲ್ಲ.